ಯೋರ್ಕಿನ್ ನದಿಯ ದಡದ ಬ್ರಿಬ್ರಿ ಮನೆಯಲ್ಲಿ ಐದು ದಿನ

ಪುತ್ತೂರಿನ ಕಡೆ, ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯುವ ಮನೆಯಲ್ಲಿ ಹುಟ್ಟಿದವನು ನಾನು. ಹಸಿ ಬೀಜವನ್ನು ತೂಗಿ ಕೊಟ್ಟ ಮೇಲೆ ಅದೇನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಿದವರಲ್ಲ. ಕೊಕ್ಕೋವನ್ನು ದೇವರು ಕೊಟ್ಟ ಕಾಣಿಕೆಯೆಂದು ಕಾಣುವ ಬ್ರಿಬ್ರಿ ಎಂಬ ಮೂಲನಿವಾಸಿ ಜನರ ನಡುವೆ ಇದ್ದು ಕಲಿಯುವ ಅವಕಾಶ ಓದಿನ ಭಾಗವಾಗಿ ಒದಗಿದಾಗ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ತಲಮಾಂಕಾ ಪ್ರದೇಶಕ್ಕೆ ಹೊರಟೆ. ಅಲ್ಲಿಗೆ ಹೋಗಬೇಕೆಂದಿರುವ ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ರಾಜಧಾನಿ ಸಾನ್ ಹೋಸೆಯಿಂದ ಕೆರಿಬಿಯನ್ ಕರಾವಳಿಯ ಪುವೆರ್ತೋ ವಿಯೆಹೋಗೆ ಬಸ್ಸಿನಲ್ಲಿ ನಾಲ್ಕೈದು ಗಂಟೆ ಬೇಕು. ಅಲ್ಲಿಂದ ಬ್ರಿಬ್ರಿ ಪಟ್ಟಣ, ಮುಂದೆ ನದಿದಡದ ಬಂಬೂ ಎಂಬ ಊರು. ಬಂಬೂವಿನಿಂದ ಮೋಟಾರು ಅಳವಡಿಸಿದ ಉದ್ದನೆಯ ದೋಣಿಯಲ್ಲಿ ಹೊಳೆಯ ವಿರುದ್ಧ ಸುಮಾರು ಒಂದು ಗಂಟೆ ಸಾಗಿದರೆ ಯೋರ್ಕಿನ್ ಹಳ್ಳಿ ಸಿಗುತ್ತದೆ. ಎದುರು ದಡ ಪನಾಮಾ ದೇಶ. ಅತಿಥಿಗಳ ವಾಸ್ತವ್ಯವನ್ನು ಇಲ್ಲಿ ನೋಡಿಕೊಳ್ಳುವುದು ಸ್ತಿಬ್ರಾವ್ಪಾ ಎಂಬ ಮಹಿಳಾ ಸಂಘ. ಮೊದಲೇ ತಿಳಿಸಿ ಒಪ್ಪಿಗೆ ಪಡೆಯದೆ ಹೋಗಬಾರದು. ಬೇಕಾದಷ್ಟು ಕೊಲೋನ್ (ಅಲ್ಲಿನ ಹಣ) ನೋಟುಗಳನ್ನು ದೋಣಿ ಹತ್ತುವ ಮೊದಲೇ ತೆಗೆದಿಟ್ಟುಕೊಳ್ಳಿ.

ಈ ಕರಾವಳಿಯಲ್ಲಿ ನಮ್ಮ ಹಾಗೆ ಮಳೆಗಾಲ, ಬೇಸಿಗೆ ಎಂಬ ಸ್ಪಷ್ಟ ಭೇದವಿಲ್ಲ. ದೇಶದ ಉಳಿದೆಡೆ ಜೋರು ಮಳೆ ಹಿಡಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಇಲ್ಲಿ ಮಳೆ ಕಡಿಮೆ. ಆದರೂ ನಾನು ಹೊರಡಬೇಕಿದ್ದ ದಿನ ಮೇಲಿನ ಬೆಟ್ಟದಲ್ಲಿ ಮಳೆಯಾಗಿ ಹೊಳೆ ಕೆಂಪಾಗಿ ಏರಿತು, ದೋಣಿ ಬಿಡಲಿಲ್ಲ, ನಾಲ್ಕು ದಿನವೆಂದುಕೊಂಡದ್ದು ಐದಾಯಿತು. ವಿಮಾನದ ದಿನಕ್ಕೂ ಹಳ್ಳಿಯಿಂದ ಹೊರಡುವ ದಿನಕ್ಕೂ ನಡುವೆ ಕನಿಷ್ಠ ಎರಡು ದಿನ ಬಿಡುವಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಭಾಷೆಯದು. ಮನೆಮಂದಿ ತಮ್ಮೊಳಗೆ ಬ್ರಿಬ್ರಿಯಲ್ಲಿಯೂ ನಮ್ಮೊಡನೆ ಸ್ಪ್ಯಾನಿಷ್‌ನಲ್ಲಿಯೂ ಮಾತನಾಡುತ್ತಾರೆ. ಇಂಗ್ಲಿಷ್ ನಂಬಿ ಹೋದರೆ ನೋಡಿ ಬರಬಹುದೇ ಹೊರತು ಕೇಳಿ ಕಲಿಯಲಾಗದು. ಮೂರು ತಿಂಗಳಾದರೂ ಸ್ಪ್ಯಾನಿಷ್ ಕಲಿತು ಹೋಗಿ. ‘ಇಸ್ ಬೆ ಶ್ಕೆನ’ ಎಂದು ಅವರ ನುಡಿಯಲ್ಲೇ ಕ್ಷೇಮ ಕೇಳಿದಾಗ ಮನೆಯ ಅಜ್ಜಿ ಅದನ್ನು ಮೂರು ಸಲ ತಿದ್ದಿ ಹೇಳಿಸಿದರು, ಏಕೆಂದರೆ ಆ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೂ ಬದಲಾಗುತ್ತದೆ.

ಬ್ರಿಬ್ರಿಗಳಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ತಾಯಿಯಿಂದಲೇ ‘ಬರಿ’ (ಕುಲ) ಬರುವ ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಬೂ ಎಂಬ ಸೃಷ್ಟಿಕರ್ತನು ಒಬ್ಬ ಹೆಣ್ಣನ್ನು ಕೊಕ್ಕೋ ಮರವಾಗಿಸಿದನೆಂಬುದು ಅವರ ನಂಬಿಕೆ. ಆದ್ದರಿಂದ ಆಚರಣೆಗಳ ಕೊಕ್ಕೋ ಪಾನೀಯವನ್ನು ಹೆಂಗಸರೇ ಸಿದ್ಧಪಡಿಸಬೇಕು. ಸೌದೆ ಆಯುತ್ತಾ ನಾನು ಒಣಗಿದ ಕೊಕ್ಕೋ ಟೊಂಗೆಗೆ ಕೈಹಾಕಿದಾಗ ಅಜ್ಜಿ ಮೆಲ್ಲನೆ ಅದನ್ನು ಕಸಿದು ಮರದ ಬುಡದಲ್ಲೇ ಇಟ್ಟರು. ಅದನ್ನು ಒಲೆಗೆ ಹಾಕುವ ಪದ್ಧತಿಯಿಲ್ಲ.

ಹುರಿದ ಕೊಕ್ಕೋ ಬೀಜವನ್ನು ಅಜ್ಜಿ ಅಗಲವಾದ ಕಲ್ಲಿನ ಮೇಲೆ ಹರಡಿ, ಇನ್ನೊಂದು ಭಾರದ ಗುಂಡುಕಲ್ಲನ್ನು ಎರಡೂ ಕೈಯಿಂದ ಅತ್ತಿತ್ತ ವಾಲಿಸುತ್ತಾ ಒಡೆದರು; ಸೋರೆಬುರುಡೆಯ ಪಾತ್ರೆಯಲ್ಲಿ, ನಾವು ಮೊರದಲ್ಲಿ ಕೇರುವಂತೆಯೇ, ಕೇರಿ ಸಿಪ್ಪೆ ಹಾರಿಸಿದರು. ಮತ್ತೆ ಅರೆದಾಗ ನೀರು ಹಾಕದಿದ್ದರೂ ಎಣ್ಣೆ ಬಿಟ್ಟು ಹೊಳೆಯುವ ಕಪ್ಪು ಮುದ್ದೆಯಾಯಿತು. ನಮ್ಮ ತೋಟದ ಬೀಜದೊಳಗೂ ಈ ಪರಿಮಳವಿತ್ತೆಂದು ನನಗೆ ಗೊತ್ತಾದದ್ದು ಆಗ.

ಸಸ್ಯಾಹಾರಿಗಳು ಮೊದಲೇ ಹೇಳಿದರೆ ಅನ್ನ, ಹುರುಳಿಕಾಯಿ ಜಾತಿಯ ಕಾಳು, ಬೇಯಿಸಿದ ಬಾಳೆಕಾಯಿಯಲ್ಲಿ ಹೊಟ್ಟೆ ತುಂಬುತ್ತದೆ. ಮೊಣಕಾಲಿನವರೆಗಿನ ರಬ್ಬರ್ ಬೂಟು, ಸೊಳ್ಳೆಪರದೆ, ಟಾರ್ಚ್ ಬೇಕೇ ಬೇಕು. ಫೋಟೋ ತೆಗೆಯುವ ಮುನ್ನ ಕೇಳಿ. ಅವಾ ಎಂದು ಕರೆಯುವ ವೈದ್ಯರ ಬಳಿಯಂತೂ ಕ್ಯಾಮೆರಾ ಹೊರತೆಗೆಯದಿರುವುದೇ ಲೇಸು.

ಕೃಷಿ ಕುಟುಂಬದವರಿಗೆ ಒಂದು ವಿಶೇಷ ಸೂಚನೆ. 1970ರ ದಶಕದ ಕೊನೆಗೆ ಮೊನಿಲಿಯಾ ಎಂಬ ಶಿಲೀಂಧ್ರ ರೋಗ ಬಂದು ತಲಮಾಂಕಾದ ಕೊಕ್ಕೋ ತೋಟಗಳನ್ನು ಹಾಳುಗೆಡವಿತು. ಕಾಯಿಯ ಮೇಲೆ ಬೂದಿಯಂತೆ ಕೂರುವ ಅದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಈ ರೋಗ ನಮ್ಮ ನಾಡಿಗೆ ಬಂದಿಲ್ಲ. ಆಸೆಪಟ್ಟು ಕಾಯಿ, ಹಸಿಬೀಜ, ಕಡ್ಡಿ ಯಾವುದನ್ನೂ ತರಬೇಡಿ. ನಾನು ಬೂಟುಗಳನ್ನು ಆ ಮನೆಯಲ್ಲೇ ಬಿಟ್ಟು, ತೋಟಕ್ಕೆ ಹಾಕಿದ್ದ ಬಟ್ಟೆಗಳನ್ನು ಸಾನ್ ಹೋಸೆಯಲ್ಲಿ ಬಿಸಿನೀರಿನಲ್ಲಿ ಒಗೆಸಿಕೊಂಡು ಊರಿಗೆ ಬಂದೆ.