ಸೊಳ್ಳೆ ಹೊಗೆಯ ಮೂರು ವಾರ

17 ನವೆಂಬರ್ 2013, ಭಾನುವಾರ
ತೀರ್ಥಹಳ್ಳಿ

ಅಂತೂ ಇವತ್ತು ಹೊಗೆ ನಿಂತಿತು.

ನನ್ನ ಟಾಟಾ ಇಂಡಿಕಾ ಕಾರಿಗೆ ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ, ಕೂರಿಸಿ ಮೂರು ವಾರ ಆಯಿತು. ಮೂರು ವಾರವೂ ಇದೇ ಕಥೆ. ಗಾಡಿ ಒಂದೆರಡು ನಿಮಿಷ ನಿಂತಲ್ಲೇ ಓಡುತ್ತಿದ್ದರೆ ಸಾಕು, ಸೈಲೆನ್ಸರ್‌ನಿಂದ ನೀಲಿ ಹೊಗೆ ಗುಪ್ಪೆಂದು ಬರುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಯವರು ಮೊನ್ನೆ, "ಮಾರಾಯ್ರೆ, ಪಟ್ಟಣ ಪಂಚಾಯ್ತಿಗೆ ಹೇಳ್ತೇನೆ, ಸೊಳ್ಳೆ ಹೊಡಿಯೋ ಕಂಟ್ರಾಕ್ಟ್ ನಿಮಗೇ ಕೊಡ್ಲಿ" ಅಂದರು. ನಗೋದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಯಾಕೆ ಬೇಕಿತ್ತು ಇದೆಲ್ಲ ಅಂತ ಮನೆಯಲ್ಲಿ ದಿನಾ ಕೇಳುತ್ತಾರೆ. ಉತ್ತರ ಆಗುಂಬೆ ಘಾಟಿ. ನನ್ನದು 2004ರ ಗಾಡಿ, 1405 ಸಿಸಿ ಡೀಸೆಲ್, ಟರ್ಬೊ ಇಲ್ಲದ್ದು. ಶಕ್ತಿ 53 ಎಚ್‌ಪಿ ಆಸುಪಾಸು, ಗಾಡಿಯ ತೂಕ ಸುಮಾರು ಒಂದು ಟನ್. ಬಯಲಲ್ಲಿ ಯಾವ ತಕರಾರೂ ಇಲ್ಲ. ಆದರೆ ಹೆಬ್ರಿಯ ಚಿಕ್ಕಮ್ಮನ ಮನೆಗೆ ಹೋಗಿ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿ, ಕುಚ್ಚಲಕ್ಕಿ ಚೀಲ ಹೇರಿಕೊಂಡು ವಾಪಸ್ ಬರುವಾಗ ಸೋಮೇಶ್ವರದಿಂದ ಮೇಲೆ ಎರಡನೇ ಗೇರು, ಒಂದನೇ ಗೇರು, ಎಸಿ ಆಫ್. ಹಿಂದೆ ಮಿನಿ ಬಸ್ಸಿನವನ ಹಾರ್ನ್.

ಟರ್ಬೊ ಇಲ್ಲದ ಎಂಜಿನ್ ತಾನು ಎಳೆದುಕೊಂಡಷ್ಟು ಗಾಳಿಯಲ್ಲೇ ಬದುಕಬೇಕು. 1.4 ಲೀಟರ್ ಎಂಜಿನ್ ಎರಡು ಸುತ್ತಿಗೊಮ್ಮೆ ಹೆಚ್ಚೆಂದರೆ 1.4 ಲೀಟರ್ ಗಾಳಿ ನುಂಗುತ್ತದೆ. 2500 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2500 ಸುತ್ತು) ನಿಮಿಷಕ್ಕೆ 1750 ಲೀಟರ್, ಅದೂ ಲೆಕ್ಕದಲ್ಲಿ. ಘಾಟಿ ಹತ್ತಿದ ಹಾಗೆ ಗಾಳಿಯೂ ತೆಳುವಾಗುತ್ತದೆ. ಗಾಳಿ ಇಲ್ಲದೆ ಡೀಸೆಲ್ ಮಾತ್ರ ಜಾಸ್ತಿ ಸುರಿದರೆ ಬರೋದು ಕಪ್ಪು ಹೊಗೆ. ನಮ್ಮೂರಲ್ಲಿ "ಪಂಪ್ ಟೈಟ್ ಮಾಡಿಸ್ದೆ, ಪಿಕಪ್ ಬಂತು" ಅನ್ನುವವರ ಗಾಡಿಗಳ ಹಿಂದೆ ಹೋದರೆ ಗೊತ್ತಾಗುತ್ತದೆ.

ಎಂಜಿನ್ ಬಿಸಾಡುವ ಬಿಸಿ ಹೊಗೆಯ ರಭಸದಿಂದಲೇ ಟರ್ಬೊ ತಿರುಗಿ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಕಾರಿನ ಡೀಸೆಲ್‌ಗೆ ಬರಲು 1978ರ ಬೆಂಜ್ 300 ಎಸ್‌ಡಿ ತನಕ ಕಾಯಬೇಕಾಯಿತು. ನನ್ನ ಕೆಲಸ ಅಷ್ಟು ದೊಡ್ಡದಲ್ಲ. ಟಾಟಾದವರು ಇಂಡಿಗೊ ಕಾರಿನಲ್ಲಿ ಇದೇ 1405 ಸಿಸಿ ಎಂಜಿನ್‌ಗೆ ಟರ್ಬೊ ಕೊಟ್ಟಿದ್ದರು. ಶಿವಮೊಗ್ಗದ ಗುಜರಿಯಲ್ಲಿ ಆ್ಯಕ್ಸಿಡೆಂಟ್ ಆದ ಒಂದು ಇಂಡಿಗೊ ಸಿಕ್ಕಿತು. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಬರುವ ಕವಲು ಕೊಳವೆ), ಆಯಿಲ್ ಪೈಪು ಎಲ್ಲ ಸೇರಿ 7,500 ರೂಪಾಯಿ. ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪ್, ಮಾತ್ರ ಕಲ್ಲಿಗೆ ಬಡಿದು ಒಡೆದಿತ್ತು. ಅದನ್ನು ಬಿಟ್ಟು ಬಂದೆ. ತಪ್ಪಾಗಿದ್ದು ಅಲ್ಲೇ.

ಒತ್ತಡ ಜಾಸ್ತಿ ಇಟ್ಟಿಲ್ಲ. ಈ ಎಂಜಿನ್ನಿನ ಕಂಪ್ರೆಷನ್ (ಒಳಗಿನ ಗಾಳಿಯನ್ನು ಪಿಸ್ಟನ್ ಒತ್ತುವ ಪ್ರಮಾಣ) ಮೊದಲೇ 22ಕ್ಕೆ 1. ಅದರ ಮೇಲೆ ಸಿಕ್ಕಾಪಟ್ಟೆ ಗಾಳಿ ತುಂಬಿದರೆ ಮೊದಲು ಹೋಗೋದು ಎಂಜಿನ್ನಿನ ತಲೆಗೂ ಮೈಗೂ ನಡುವಿನ ಹೆಡ್ ಗ್ಯಾಸ್ಕೆಟ್. ಮೆತ್ತಗಿನ ಸ್ಪ್ರಿಂಗ್ ಹಾಕಿ 0.4 ಬಾರ್‌ನಲ್ಲಿ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವ ಹಾಗೆ ಮಾಡಿದ್ದೇವೆ. ಹೊರಗಿನ ಗಾಳಿಯ ಒತ್ತಡವೇ ಸುಮಾರು 1 ಬಾರ್. ಹಾಗಾದರೆ 40% ಗಾಳಿ ಜಾಸ್ತಿ ಅಲ್ವಾ ಅಂತ ನಾನೂ ಖುಷಿಪಟ್ಟಿದ್ದೆ. ಅಲ್ಲ. ಒತ್ತಿದ ಗಾಳಿ ಕಾಯುತ್ತದೆ. 30 ಡಿಗ್ರಿಯಲ್ಲಿ ಒಳಗೆ ಹೋದದ್ದು 75ರ ಹತ್ತಿರ ಹೊರಗೆ ಬರುತ್ತದೆ, ಕಾದು ಹಿಗ್ಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ನಿಜವಾಗಿ ಸಿಗೋದು 20% ಅಷ್ಟೇ.

ಇನ್ನು ಹೊಗೆಯ ವಿಷಯ. ಗ್ಯಾರೇಜಿನ ಮೇಸ್ತ್ರಿ ಮೊದಲ ವಾರ "ಟರ್ಬೊ ಸೀಲ್ ಹೋಗಿದೆ" ಅಂದರು. ಕಿಟ್ ತಂದು ಬಿಚ್ಚಿ ಹಾಕಿದ್ದಾಯಿತು, 1,800 ರೂಪಾಯಿ. ಹೊಗೆ ಹಾಗೇ ಇತ್ತು. ಎರಡನೇ ವಾರ "ಪಿಸ್ಟನ್ ರಿಂಗ್ ಇರ್ಬೇಕು" ಅಂದರು. ನನಗೆ ನಂಬಿಕೆ ಬರಲಿಲ್ಲ. ಟರ್ಬೊ ಹಾಕುವ ಹಿಂದಿನ ದಿನದ ತನಕ ಒಂದು ಎಳೆ ಹೊಗೆ ಇರಲಿಲ್ಲ.

ನಿನ್ನೆ ರಾತ್ರಿ ಟರ್ಬೊದಿಂದ ಇನ್‌ಲೆಟ್‌ಗೆ ಹೋಗುವ ಹೋಸ್ ಬಿಚ್ಚಿ ಬೆರಳು ಹಾಕಿದೆ. ಒಳಗೆ ಆಯಿಲ್ ನಿಂತಿತ್ತು. ನೋಡಿ ಎದೆ ಧಸಕ್ಕೆಂದಿತು. ಡೀಸೆಲ್ ಎಂಜಿನ್‌ಗೆ ಆಯಿಲೂ ಒಂದು ಇಂಧನವೇ. ತುಂಬಾ ಹೋದರೆ ಕೀ ತೆಗೆದರೂ ನಿಲ್ಲದೆ ತನ್ನಷ್ಟಕ್ಕೇ ಏರುತ್ತಾ ಹೋಗಿ ಪಿಸ್ಟನ್ನಿನ ಕಂಬಿ (ಕನೆಕ್ಟಿಂಗ್ ರಾಡ್) ಮುರಿದುಕೊಳ್ಳುತ್ತದೆ.

ಟರ್ಬೊ ಒಳಗಿನ ದಂಡು ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ. ಅದು ಕೂತಿರೋದು ಆಯಿಲ್‌ನ ತೆಳು ಪದರದ ಮೇಲೆ. ಎರಡೂ ತುದಿಯಲ್ಲಿರುವ ಸೀಲ್ ಅಂದರೆ ರಬ್ಬರ್ ಅಲ್ಲ, ಪಿಸ್ಟನ್ ರಿಂಗ್‌ನಂಥ ಪುಟ್ಟ ಉಂಗುರ. ಆಯಿಲ್ ಪಂಪಿನ ಒತ್ತಡದಲ್ಲಿ ಒಳಗೆ ಬರುತ್ತದೆ, ಆದರೆ ಹೊರಗೆ ಹೋಗುವಾಗ ಒತ್ತಡ ಇರೋದಿಲ್ಲ. ನೊರೆ ನೊರೆಯಾಗಿ ಸುಮ್ನೆ ಕೆಳಗೆ ಇಳಿಯಬೇಕು. ಇಳಿಯಲು ದಾರಿ ಸಿಗದಿದ್ದರೆ ಒಳಗೇ ತುಂಬಿ ಆ ಉಂಗುರ ದಾಟಿ ಹೋಗುತ್ತದೆ. ಅಡಿಕೆ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಬಿಡೋದು ಸುಲಭ, ಬಸಿಗಾಲುವೆ ತೆಗೆಯೋದೇ ಕೆಲಸ.

ನಮ್ಮ ಬಸಿಗಾಲುವೆ ಹೇಗಿತ್ತು ಅಂದರೆ, ಅರ್ಧ ಇಂಚಿನ ರಬ್ಬರ್ ಪೈಪು, ನಡುವೆ ಹೊಟ್ಟೆ ಬಿಟ್ಟು ಜೋತುಬಿದ್ದಿತ್ತು. ಇಂಡಿಗೊದ ಸಂಪ್ ಇಲ್ಲದ್ದಕ್ಕೆ ಮೇಸ್ತ್ರಿ ನನ್ನ ಸಂಪ್‌ಗೇ ತೂತು ಹಾಕಿ ಪೈಪು ಸಿಕ್ಕಿಸುವ ನಿಪ್ಪಲ್ ಬೆಸುಗೆ ಮಾಡಿದ್ದರು. ಅದು ಆಯಿಲ್ ಮಟ್ಟಕ್ಕಿಂತ ಎರಡು ಬೆರಳು ಕೆಳಗಿತ್ತು!

ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಒಂದು ಪರೀಕ್ಷೆ ಮಾಡಿದೆವು. ಆ ಪೈಪನ್ನು ಸಂಪ್‌ನಿಂದ ಕಿತ್ತು ಖಾಲಿ ಆಯಿಲ್ ಡಬ್ಬಿಗೆ ಇಳಿಬಿಟ್ಟು ಎಂಜಿನ್ ಸ್ಟಾರ್ಟ್ ಮಾಡಿದೆವು. ಸೈಲೆನ್ಸರ್‌ನಲ್ಲಿ ಉಳಿದಿದ್ದ ಆಯಿಲ್ ಉರಿದು ಮುಗಿಯುವ ತನಕ ಹೊಗೆ ಬಂತು. ಆಮೇಲೆ ಪೂರ್ತಿ ಖಾಲಿ. ಮೇಸ್ತ್ರಿ ಸೈಲೆನ್ಸರ್ ಬಾಯಿಗೆ ಕೈ ಹಿಡಿದು ಮೂಸಿ ನೋಡಿ, "ಎಂತ ಮಾರಾಯ್ರೆ, ಇಷ್ಟಕ್ಕೆ ಮೂರು ವಾರ!" ಅಂದರು. ಕಿಟ್ ದುಡ್ಡಿನ ಮಾತು ಇಬ್ಬರೂ ಎತ್ತಲಿಲ್ಲ.

ಸಂಪ್ ಇಳಿಸಿ ಹಳೇ ತೂತು ಮುಚ್ಚಿದೆವು. ಮೇಲುಗಡೆ ಹೊಸ ನಿಪ್ಪಲ್, ಮುಕ್ಕಾಲು ಇಂಚಿನ ಪೈಪು, ಎಲ್ಲೂ ಬಗ್ಗದೆ ನೇರ ಇಳಿಜಾರು. ಮಧ್ಯಾಹ್ನ ಆಯಿತು.

ಊಟ ಮಾಡಿ ಅಮ್ಮನನ್ನೂ ಇವಳನ್ನೂ ಕೂರಿಸಿಕೊಂಡು ಹೆಬ್ರಿಗೆ ಹೋಗಿಬಂದೆ. ತೆಂಗಿನಕಾಯಿ ಯಥಾಪ್ರಕಾರ. ಸೋಮೇಶ್ವರ ದಾಟಿದ ಮೇಲೆ ತಿರುವುಗಳ ನಡುವೆ ಮೂರನೇ ಗೇರಿನಲ್ಲೇ ಎಳೆಯಿತು, ಎಸಿ ಹಾಕಿಕೊಂಡೇ. 2000 ಆರ್‌ಪಿಎಂ ದಾಟಿದ ಕೂಡಲೇ ಸಣ್ಣ ಸಿಳ್ಳೆ, ಬೆನ್ನಿಗೆ ಒಂದು ಮೆತ್ತನೆಯ ತಳ್ಳು. ಆದರೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪರಿಸ್ಥಿತಿ ಮೊದಲಿನಂತೆಯೇ. ಅಲ್ಲಿ ಎಂಜಿನ್ ಸುತ್ತು ಇಳಿಯುತ್ತದೆ, ಟರ್ಬೊ ನಿದ್ದೆ ಹೋಗುತ್ತದೆ. ಶಕ್ತಿ ಬೇಕೇ ಬೇಕಾದ ಜಾಗದಲ್ಲಿ ಇಲ್ಲ! ಎರಡನೇ ಗೇರಿಗೆ ಹಾಕಿ ಅದು ಏಳುವ ತನಕ ಕಾಯಬೇಕು.

ಡೀಸೆಲ್ ಜಾಸ್ತಿ ಬಿಡಲು ಡೀಸೆಲ್ ಪಂಪಿನ ಸ್ಕ್ರೂ ಕಾಲು ಸುತ್ತು ಮಾತ್ರ ತಿರುಗಿಸಿದ್ದೇವೆ. ಹೊಗೆಯ ಬಿಸಿ ಅಳೆಯಲು ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿದ ಥರ್ಮೋಕಪಲ್ ಕೊನೆಯ ಏರಿನಲ್ಲಿ 640 ಡಿಗ್ರಿ ತೋರಿಸಿತು. ಪಿಸ್ಟನ್ ಅಲ್ಯುಮಿನಿಯಂದು, 700 ದಾಟಬಾರದು ಅಂತ ನಾನೇ ಗೆರೆ ಹಾಕಿಕೊಂಡಿದ್ದೇನೆ. ಇನ್ನೊಂದು ಕಾಲು ಸುತ್ತು ಕೊಡೋಣ ಅಂತ ಮೇಸ್ತ್ರಿಗೆ ಆಸೆ. ಬೇಡ ಅಂದೆ.

ಇದನ್ನು ಓದಿ ಯಾರಾದರೂ ಗುಜರಿಗೆ ಓಡುವ ಮೊದಲು ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಮೊದಲೇ ಕೇಳಿಕೊಳ್ಳಬೇಕಿತ್ತು, ನಾನು ಕೇಳಲಿಲ್ಲ. ನಾಳೆ ಶಿವಮೊಗ್ಗಕ್ಕೆ ಹೋದಾಗ ಆರ್‌ಟಿಒದಲ್ಲಿ ವಿಚಾರಿಸಬೇಕು.

ಸಂಜೆ ಅಂಗಳಕ್ಕೆ ಬಂದು ನಿಲ್ಲಿಸಿ ಎಂಜಿನ್ ಹಾಗೇ ಬಿಟ್ಟೆ. ಕಾದ ಟರ್ಬೊದಲ್ಲಿ ಆಯಿಲ್ ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ, ಒಂದೆರಡು ನಿಮಿಷ ಓಡಿಸಿ ತಣಿಸಬೇಕು. ಅಮ್ಮ ಇಳಿದು ಹಿಂದೆ ಹೋಗಿ ಸೈಲೆನ್ಸರ್ ನೋಡಿದರು. "ಹೊಗೆ ಇಲ್ಲ. ಮತ್ತೆಂತಕ್ಕೆ ಆಫ್ ಮಾಡ್ಲಿಲ್ಲ?" ಅಂದರು.

ಸಂಪ್ ಕೆಳಗೆ ನಿನ್ನೆಯ ಪೇಪರ್ ಹಾಸಿ ಬಂದಿದ್ದೇನೆ. ಬೆಸುಗೆ ಸೋರುತ್ತದೋ ಇಲ್ಲವೋ ಬೆಳಿಗ್ಗೆ ಗೊತ್ತಾಗುತ್ತದೆ.