ಬಾಗಿಲ ಗೇಟು ಬೀಪ್ ಅಂದಮೇಲೆ

ಕಲಬುರಗಿಯ ಬಟ್ಟೆ ಅಂಗಡಿಗಳಲ್ಲಿ ಹಬ್ಬದ ವಾರ ಬಾಗಿಲ ಗೇಟು, ಅಂದರೆ ಟ್ಯಾಗ್ ತೆಗೆಯದ ಬಟ್ಟೆ ಹೊರಹೋದರೆ ಸದ್ದು ಮಾಡುವ ಕಳ್ಳತನ ತಡೆ ಯಂತ್ರ, ಮತ್ತೆ ಮತ್ತೆ ಕೂಗುತ್ತದೆ. ಬಹಳ ಸಲ ತಪ್ಪು ನಮ್ಮ ಕೌಂಟರಿನದೇ. ಬಿಲ್ ಮಾಡುವ ಹುಡುಗ ಗಟ್ಟಿ ಟ್ಯಾಗ್ ಬಿಚ್ಚುವುದನ್ನು ಮರೆತಿರುತ್ತಾನೆ, ಇಲ್ಲವೇ ಎರಡು ಡ್ರೆಸ್ ಒಂದರ ಮೇಲೊಂದು ಇಟ್ಟು, ಸ್ಟಿಕ್ಕರ್ ಟ್ಯಾಗನ್ನು ಸಾಯಿಸುವ ಪ್ಯಾಡ್ ಮೇಲೆ ಎಳೆದಿರುತ್ತಾನೆ. ಕೆಳಗಿನ ಸ್ಟಿಕ್ಕರ್ ಸತ್ತು ಮೇಲಿನದು ಜೀವಂತ ಉಳಿಯುತ್ತದೆ. ಬೇರೆ ಅಂಗಡಿಯ ಟ್ಯಾಗಿಗೂ ನಮ್ಮ ಗೇಟು ಕೂಗಬಹುದು. ಅದು ಹಿಡಿಯುವುದು ಟ್ಯಾಗಿನ 8.2 ಮೆಗಾಹರ್ಟ್ಸ್ ಅಥವಾ 58 ಕಿಲೋಹರ್ಟ್ಸ್ ಸಿಗ್ನಲ್ ಅಷ್ಟೇ; ಬಿಲ್ ಆಗಿದೆಯೋ ಇಲ್ಲವೋ ಅದಕ್ಕೇನು ಗೊತ್ತು?

ಆದ್ದರಿಂದ ಬಾಗಿಲಲ್ಲಿ ನಿಂತವರಿಗೆ ಕಲಿಸಬೇಕಾದ ಮೊದಲ ಮಾತು ಇದು: "ಅಕ್ಕಾರ, ನಮ್ಮ ಹುಡುಗ ಟ್ಯಾಗ್ ತೆಗೆಯೋದು ಮರ್ತಾನ ಕಾಣಸ್ತದ. ಬಿಲ್ ತಗೊಂಡು ಒಂದ್ ನಿಮಿಷ ಕೌಂಟರ್ ಕಡೆ ಬರ್ರಿ."

ಇಷ್ಟಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಹತ್ತು ಜನರೆದುರು "ಕಳ್ಳಿ" ಅಂದರೆ ಅದು ಮಾನಹಾನಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356ರಲ್ಲಿ 2 ವರ್ಷದವರೆಗೆ ಸಾದಾ ಸೆರೆ, ದಂಡ ಅಥವಾ ಸಮುದಾಯ ಸೇವೆ ಇದೆ. ಸದ್ಭಾವನೆಯಿಂದ ಪೊಲೀಸರಿಗೆ ದೂರು ಹೇಳಿದರೆ ಕಾನೂನಿನಲ್ಲಿ ರಕ್ಷಣೆ ಉಂಟು. ಸಿಸಿಟಿವಿ ತುಣುಕನ್ನು ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿ "ಇವರನ್ನು ನೋಡ್ಕೊಳ್ರಿ" ಅಂದವರು ಆ ರಕ್ಷಣೆ ನೆಚ್ಚಿಕೊಳ್ಳಲಾಗದು. ಗೋಡೌನಿಗೆ ಕರೆದೊಯ್ದು ಚಿಲಕ ಹಾಕಿದರೆ ಅಕ್ರಮ ಬಂಧನ, ಸೆಕ್ಷನ್ 127: ಒಂದು ವರ್ಷದವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಿಲಕವೇ ಬೇಕೆಂದಿಲ್ಲ, ಹೊರಹೋಗುವ ದಾರಿಗೆ ಇಬ್ಬರು ಅಡ್ಡ ನಿಂತರೂ ವಾದ ಶುರುವಾಗುತ್ತದೆ. ಬ್ಯಾಗು, ಮೈ ತಡಕುವ ಅಧಿಕಾರ ಅಂಗಡಿಯವರಿಗೆ ಇಲ್ಲವೇ ಇಲ್ಲ. "ಬ್ಯಾಗ್ ಚೆಕ್ ಮಾಡಲಾಗುವುದು" ಎಂಬ ಬೋರ್ಡು ಒಪ್ಪಿಗೆಗೆ ಬದಲಾಗುವುದಿಲ್ಲ.

"ಕಳ್ಳರನ್ನು ಹಿಡಿದು ಕೊಡಬಹುದಲ್ಲ?" ಎಂದು ಸಿಬ್ಬಂದಿ ಕೇಳುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 40 ಅವಕಾಶ ಕೊಡುತ್ತದೆ, ಆದರೆ ಅಪರಾಧ ಕಣ್ಣೆದುರೇ ನಡೆದಿರಬೇಕು, ಅದು ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ ಆಗಿರಬೇಕು, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲು ವಾಪಸ್ಸಾದ ಮೊದಲ ಕಳ್ಳತನ ಈಗ ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಅಂದರೆ 799 ರೂಪಾಯಿ ಕುರ್ತಾಕ್ಕೆ ರಟ್ಟೆ ಹಿಡಿದವರು ತಾವೇ ಸಿಕ್ಕಿಬೀಳಬಹುದು. ಇನ್ನು ಬಿಳಿ ಹಾಳೆಗೆ ಸಹಿ ಹಾಕಿಸಿ, "ಪೊಲೀಸರನ್ನ ಕರೀತೀವಿ" ಎಂದು ಹೆದರಿಸಿ ಹತ್ತು ಪಟ್ಟು ಹಣ ಕೀಳುವುದು ಸುಲಿಗೆಯ ದೂರಿಗೆ ದಾರಿ. ಇದು ಶುದ್ಧ ಮೂರ್ಖತನ.

ಆರೋಪ ಹೊತ್ತ ಗ್ರಾಹಕರ ಕಡೆಯಿಂದ ನೋಡಿದರೆ ಸಮಯವೇ ಮುಖ್ಯ. ಮಾನಹಾನಿ, ಅಕ್ರಮ ಬಂಧನಕ್ಕೆ ಸಿವಿಲ್ ಪರಿಹಾರದ ದಾವೆ ಒಂದು ವರ್ಷದೊಳಗೆ ಹಾಕಬೇಕು. ಖರೀದಿ ಮಾಡಿದವರಾದರೆ ಸೇವಾ ನ್ಯೂನತೆ ಎಂದು ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ ಬಿಸಾಕಬೇಡಿ. ಥರ್ಮಲ್ ಕಾಗದದ ಅಕ್ಷರ ಮಾಸುತ್ತದೆ, ಅಂದೇ ಫೋಟೋ ತೆಗೆದಿಡಿ.

ಎಲ್ಲಕ್ಕಿಂತ ಬೇಗ ಕೈಬಿಡುವ ಸಾಕ್ಷಿ ಸಿಸಿಟಿವಿ. ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯದರ ಮೇಲೇ ಹೊಸದು ಬರೆಯುತ್ತದೆ. ಗ್ರಾಹಕರು ಅಂದೇ ದಿನಾಂಕ, ಸಮಯ, ಬಾಗಿಲು ಹೆಸರಿಸಿ "ದೃಶ್ಯ ಉಳಿಸಿ" ಎಂದು ಬರೆದುಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಬೇಕು. ಅಂಗಡಿಯವರು ಘಟನೆಗೆ ಮುಂಚಿನ ಅರ್ಧ ಗಂಟೆಯನ್ನೂ ಸೇರಿಸಿ ತೆಗೆಯಬೇಕು, ಬಿಲ್ಲಿಂಗ್ ಕೌಂಟರಿನ ಕ್ಯಾಮೆರಾ ಬಿಡಬಾರದು. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲವೆಂದು ತೋರಿಸುವ ಗುರುತು ಸಂಖ್ಯೆ) ನಮೂದಾಗಬೇಕು. ಇನ್ನೊಂದು ಸಣ್ಣ ತೊಡಕು: ಡಿವಿಆರ್ ಗಡಿಯಾರ ಬಿಲ್ ಯಂತ್ರದ ಗಡಿಯಾರಕ್ಕಿಂತ ಹಿಂದೆಯೋ ಮುಂದೆಯೋ ಓಡುತ್ತಿರುತ್ತದೆ. ಡಿವಿಆರ್ ಪರದೆ, ಪಕ್ಕದಲ್ಲಿ ಮೊಬೈಲ್ ಸಮಯ, ಎರಡೂ ಕಾಣುವಂತೆ ಒಂದು ಫೋಟೋ ಅಂದೇ ತೆಗೆದಿಟ್ಟರೆ "ಬಿಲ್ ಆಮೇಲೆ ಮಾಡಿದ್ದು" ಎಂಬ ತಕರಾರಿಗೆ ಜಾಗವಿರುವುದಿಲ್ಲ.