ರಾತ್ರಿ ಎರಡು ಗಂಟೆಗೆ ಸೊಪ್ಪು ಮಾರುವವಳು

ವಿಮಾನದ ಸದ್ದು ಅಳೆಯುವುದು ನನ್ನ ಕೆಲಸ. ದೇವನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ಮನೆಯೊಂದರ ತಾರಸಿ ಮೇಲೆ ನಮ್ಮ ಮಾನಿಟರ್ ಇತ್ತು. ಮನೆಯ ತಾತ ರಾತ್ರಿ ಎರಡರ ಮೇಲೆ ನಿದ್ದೆಯೇ ಇಲ್ಲ ಅಂತ ದೂರು ಕೊಟ್ಟಿದ್ದರು.

ಜಗಲಿಯಲ್ಲೇ ಮೀಟಿಂಗ್. ರಿಪೋರ್ಟ್ ತೆಗೆದೆ. ಎರಡರಿಂದ ಮೂರರೊಳಗೆ ಈವೆಂಟ್, ಅಂದರೆ ಜೋರು ಸದ್ದುಗಳು, ಬೇಕಾದಷ್ಟಿದ್ದವು, ಆದರೆ ವಿಮಾನ ಹಾರಿದ ದಾರಿಯ ರೇಡಾರ್ ಟ್ರ್ಯಾಕ್ ಜೊತೆ ಹೆಚ್ಚಿನವು ಮ್ಯಾಚ್ ಆಗಿರಲಿಲ್ಲ. ಸಾಫ್ಟ್‌ವೇರ್ ಅವನ್ನೆಲ್ಲ 'ಕಮ್ಯುನಿಟಿ', ಅಂದರೆ ವಿಮಾನದ್ದಲ್ಲದ ಊರಿನ ಸದ್ದು, ಅಂತ ಪಕ್ಕಕ್ಕೆ ತಳ್ಳಿತ್ತು. ಅಲ್ಲೊಂದು ಇಲ್ಲೊಂದು ಸುಮ್ನೆ ಅದೃಷ್ಟಕ್ಕೆ ಮ್ಯಾಚ್ ಆಗಿದ್ದವಲ್ಲ, ಅವೇ ನನ್ನನ್ನು ಹಾಳು ಮಾಡಿದ್ದು. ಸಿಸ್ಟಂ ಸರಿ ಇದೆ ಅಂದುಕೊಂಡೆ.

"ತಾತ, ಅದು ವಿಮಾನ ಅಲ್ಲ. ಯಾವುದೋ ಬೋರ್‌ವೆಲ್ ಲಾರಿ ಇರಬೇಕು" ಅಂದೆ. ಇಷ್ಟು ಜನರ ಮುಂದೆ, ಅವರದೇ ಮನೆಯಲ್ಲಿ ಕೂತು!

ತಾತ ಎದ್ದು ಒಳಗೆ ಹೋದರು. ಮ್ಯಾನೇಜರ್ ಕಾಫಿ ಲೋಟದೊಳಗೆ ನೋಡುತ್ತಾ ಕೂತರು. ತಾತ ಮೊಮ್ಮಗಳ ಹಳೇ ಲೆಕ್ಕದ ಪುಸ್ತಕ ತಂದು ನನ್ನ ತೊಡೆ ಮೇಲೆ ಇಟ್ಟರು. ಪೆನ್ಸಿಲಲ್ಲಿ ಸಾಲಾಗಿ ಬರೆದಿತ್ತು: 2:10, 2:16, 2:31. "ಬೋರ್‌ವೆಲ್ ಲಾರಿ ದಿನಾ ಹಿಂಗೆ ಬತ್ತದೇನಪ್ಪಾ?"

ಉತ್ತರ ಇರಲಿಲ್ಲ. ಫೋಟೋ ತೆಗೆದುಕೊಂಡು ಬಂದೆ.

ಆಫೀಸಲ್ಲಿ ಅವರ 2:10ರ ಸದ್ದನ್ನು ಹುಡುಕಿದರೆ ಹಿಂದಿನ ಸಂಜೆ 20:40ಕ್ಕೆ ಸಿಕ್ಕಿತು. 2:16ರದ್ದು 20:46ಕ್ಕೆ. ಎದೆ ಧಸಕ್ ಅಂತು. ಐದೂವರೆ ಗಂಟೆ! ರಿಪೇರಿಗೆ ಹೋಗಿ ಬಂದ ಮಾನಿಟರ್ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯದಲ್ಲಿ, ಓಡುತ್ತಿತ್ತು. ನಮ್ಮ ರಾತ್ರಿಯ ಎಲ್‌ಇಕ್ಯೂ, ಅಂದರೆ ಸದ್ದಿನ ಸರಾಸರಿ, ಅದೂ ತಪ್ಪು. 10ರಿಂದ 6 ಅಂತ ಲೆಕ್ಕ ಹಾಕಿದ್ದು ನಿಜಕ್ಕೂ ಬೆಳಗಿನ ಜಾವ ಮೂರೂವರೆಯಿಂದ ಹನ್ನೊಂದೂವರೆ ತನಕದ ಸದ್ದು.

ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. 'ಲಾರಿ'ಯ ಆಡಿಯೋ ಕ್ಲಿಪ್ ಕೇಳಿದೆ. ಮಾನಿಟರ್ ಪ್ರಕಾರ ರಾತ್ರಿ ಎರಡು ಹತ್ತರ ಕ್ಲಿಪ್. ಟೇಕಾಫ್ ಗುಡುಗು, ಅದರ ಹಿಂದೆ ಕಾಗೆ, ಅದರ ಹಿಂದೆ ಒಬ್ಬ ಹೆಂಗಸು: "ಸೊಪ್ಪೂ... ದಂಟಿನ ಸೊಪ್ಪೂ..."

ಟೈಮ್ ಸರಿಮಾಡಿ ಮತ್ತೆ ರನ್ ಮಾಡಿದೆ. ತಾತನ ಪಟ್ಟಿ ಪೂರ್ತಿ ವಿಮಾನಗಳೇ. ಆದರೂ ರಾತ್ರಿಯ ಸರಾಸರಿ 65 ಡೆಸಿಬೆಲ್ ಮಿತಿಯ ಒಳಗೇ ಇತ್ತು. ರಾತ್ರಿಯ ಎಂಟೂ ಗಂಟೆಗಳಿಗೆ ಹರಡಿದರೆ ಎಂಥ ಸದ್ದೂ ತೆಳ್ಳಗಾಗುತ್ತೆ. ತಾತ ಏಳುವುದು ಸರಾಸರಿಗಲ್ಲ ಅಲ್ವಾ.

ಹೊಸ ರಿಪೋರ್ಟಲ್ಲಿ 'ತಾಂತ್ರಿಕ ಕಾರಣ' ಅಂತ ಹಾಕು ಅಂದರು ಮ್ಯಾನೇಜರ್. ಹಾಕಿದೆ. ಬೋರ್‌ವೆಲ್ ಲಾರಿ ವಿಷಯಕ್ಕೆ ನಾನೇ ಹೋಗಿ ತಪ್ಪಾಯ್ತು ಅಂದು ಬಂದೆ. ಇನ್‌ಸ್ಟಾಲೇಶನ್ ಫಾರ್ಮಲ್ಲಿ ಟೈಮ್‌ಝೋನ್‌ಗೆ ಇವತ್ತಿಗೂ ಜಾಗ ಇಲ್ಲ, ನಾನು ಮಾರ್ಜಿನ್‌ನಲ್ಲಿ ಬರೆಯುತ್ತೇನೆ.